ನೈಋತ್ಯ ಮೂಲೆಯೂ ನನ್ನ ಮೋಟಾರು ಮನೆಯೂ

ಓರೆಯಾಗಿರುವ ಯಾವುದನ್ನು ಕಂಡರೂ ನನ್ನ ಕೈ ಸುಮ್ಮನಿರುವುದಿಲ್ಲ. ನೆಂಟರ ಮನೆಗೆ ಹೋದರೆ ಕುಶಲ ಕೇಳುವ ಮೊದಲೇ ಅವರ ಗೋಡೆಯ ಪಟಗಳನ್ನು ನೆಟ್ಟಗೆ ಮಾಡಿರುತ್ತೇನೆ. ಹೆಣ್ಣು ನೋಡಲು ಹೋದ ಮನೆಯಲ್ಲೂ ಹೀಗೆಯೇ ಆಯಿತು. ಬಾಗಿಲ ಮೇಲಿನ ಪಟ ಒಂದಿಷ್ಟು ಎಡಕ್ಕೆ ವಾಲಿತ್ತು. ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು ಎದ್ದು ಅದನ್ನು ಮುಟ್ಟಿದ್ದೇ ತಡ, ಹಿಂದೆ ಗೂಡು ಕಟ್ಟಿದ್ದ ಗುಬ್ಬಚ್ಚಿ ಹುಲ್ಲು ಕಸವನ್ನೆಲ್ಲ ಹುಡುಗಿಯ ತಂದೆಯ ತಲೆಯ ಮೇಲೆ ಸುರಿದು ಹಾರಿಹೋಯಿತು. ಒಳಗಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಕೇಳಿಯೇ ನಾನು ಒಪ್ಪಿಬಿಟ್ಟೆ. ಅವಳೇ ಗೌರಿ, ನನ್ನ ಹೆಂಡತಿ. ಇಂಥ ಸ್ವಭಾವದ ನನಗೆ ದೇವರು ಕೊಟ್ಟ ಮೊದಲ ಸ್ವಂತ ಮನೆ, ನೆಟ್ಟಗೆ ನಿಲ್ಲಲು ಬಾರದ ಮನೆ. ನಿಲ್ಲಲು ಬಾರದಿದ್ದರೂ ಅದಕ್ಕೆ ಓಡಲು ಬರುತ್ತಿತ್ತು, ಏಕೆಂದರೆ ಅದಕ್ಕೆ ನಾಲ್ಕು ಚಕ್ರಗಳಿದ್ದವು.

ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ, ಕೇಳಿದಷ್ಟು ಪೆಟ್ರೋಲು ಸಿಗುತ್ತಿದ್ದ ಕಾಲ. ಹಾಸನದಲ್ಲಿ ನಮ್ಮದು ಜವಳಿ ಅಂಗಡಿ, ಅದರ ಎದುರಿಗೇ ಮನೆ. ಮನೆಯಲ್ಲಿ ಅಪ್ಪ, ಅವ್ವ, ಅಜ್ಜಿ, ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು ಮರಿ, ಬಂದು ಹೋಗುವವರು, ಬಂದು ಹೋಗದೆ ಉಳಿದವರು, ಇಷ್ಟೂ ಜನಕ್ಕೆ ಒಂದೇ ಒಲೆ. ಗೌರಿ ಕೊನೆಯ ಸೊಸೆ. ಕಾಯಿ ತುರಿಯುವುದು, ಸೊಪ್ಪು ಬಿಡಿಸುವುದು, ಬೂದಿ ಬಳಿಯುವುದು, ಎಲ್ಲವೂ ಅವಳದೇ; ಆದರೆ ಒಲೆಯ ಮುಂದೆ ಕೂರಲು ಅವಳ ಸರದಿ ಬರುವ ಹೊತ್ತಿಗೆ ಸಾರು ಕುದಿದು ಇಳಿದಿರುತ್ತಿತ್ತು. ಒಂದು ದಿನ ಅವಳು ನನ್ನ ಹತ್ತಿರ, “ಏನಂದ್ರೆ, ಮದ್ವೆಯಾಗಿ ಇಷ್ಟ್ ಕಾಲ ಆಯ್ತು, ಸಾರಿಗೆ ಉಪ್ಪು ಎಷ್ಟ್ ಹಾಕ್ಲಿ ಅಂತ ನನ್ನ ಒಬ್ರೂ ಕೇಳಿಲ್ಲ ನೋಡಿ” ಎಂದಳು. ಅತ್ತಿದ್ದರೆ ಅಂಗಡಿಯಿಂದ ಒಂದು ಸೀರೆ ತಂದು ಸಮಾಧಾನ ಮಾಡಬಹುದಿತ್ತು. ನಗುನಗುತ್ತಾ ಹೇಳಿಬಿಟ್ಟಳು, ಅದು ನನ್ನ ಮನಸ್ಸಿಗೆ ನಾಟಿತು. ಅವಳಿಗೊಂದು ಬೇರೆ ಒಲೆ ಹೂಡಿಕೊಡದಿದ್ದರೆ ನಾನು ಗಂಡಸೇ ಅಲ್ಲ ಎಂದು ಆ ಗಳಿಗೆಯಲ್ಲೇ ತೀರ್ಮಾನ ಮಾಡಿದೆ. ಒಲೆ ಇಡಲು ಮನೆ ಎಲ್ಲಿದೆ ಎಂಬುದು ಆಮೇಲೆ ಹೊಳೆಯಿತು.

ಸಂತೆಗಳಿಗೆ ಬಟ್ಟೆಯ ಗಂಟು ಹೊತ್ತು ಸುತ್ತುವ ಕೆಲಸ ನನ್ನದು. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಎಂದು ವಾರವೆಲ್ಲ ಬಾಡಿಗೆ ಗಾಡಿಯಲ್ಲಿ ಕುಲುಕಾಡುತ್ತಿದ್ದೆ. ಹೀಗಿರುವಾಗ ಊರಾಚೆಯ ಒಂದು ಹಿತ್ತಲಲ್ಲಿ, ಕೋಳಿಗಳು ವಾಸವಾಗಿದ್ದ ಹಳೆಯ ಬಸ್ಸೊಂದು ಕಣ್ಣಿಗೆ ಬಿತ್ತು. ಮರದ ಮೈ, ಸದ್ದು ಮಾಡುವ ಎಂಜಿನ್ನು, ಮಾಲೀಕನಿಗೆ ಅದನ್ನು ಸಾಗಹಾಕಿದರೆ ಸಾಕಾಗಿತ್ತು. ಬೆಂಚು ಕಿತ್ತು ಮಂಚ ಹಾಕಿದರೆ ಮನೆ, ಕಿಟಕಿ ತೆರೆದು ಬಟ್ಟೆ ನೇತುಹಾಕಿದರೆ ಅಂಗಡಿ. ಸಂತೆ ಇದ್ದ ಊರೇ ನಮ್ಮೂರು. ಪೇಟೆಯ ಜನ ನೋಡುತ್ತಿದ್ದಂತೆಯೇ ಪಂಚೆ ಎತ್ತಿಕಟ್ಟಿ ಓಡಿ ಮನೆಗೆ ಬಂದು ಗೌರಿಗೆ ಹೇಳಿದೆ. “ನಾಳೆ ಬೇಡ, ಇವತ್ತೇ ತನ್ನಿ, ಯಾರಾದ್ರೂ ಎತ್ಕೊಂಡ್ ಹೋದಾರು” ಎಂದಳು. ಕೋಳಿಗಳನ್ನು ಬಿಟ್ಟರೆ ಅದಕ್ಕೆ ಬೇರೆ ಗಿರಾಕಿಗಳಿರಲಿಲ್ಲ ಎಂಬುದನ್ನು ನಾನು ಅವಳಿಗೆ ಹೇಳಲಿಲ್ಲ.

ಹಸಿರು ಬಣ್ಣ ಬಳಿದೆವು. ಅಂಗಡಿಯ ತುಂಡುಬಟ್ಟೆಯಲ್ಲಿ ಪರದೆ ಹೊಲಿದೆವು. ಎಲ್ಲ ಚೆಂದವಾಯಿತು, ಆದರೆ ಬಸ್ಸು ಎಡಕ್ಕೆ ವಾಲುತ್ತಿತ್ತು. ಬಸ್ಸಿನ ಬಾಗಿಲು ಎಡಕ್ಕಲ್ಲವೆ? ಎಷ್ಟೋ ವರ್ಷ ಸಂತೆಯ ಜನರೆಲ್ಲ ಆ ಕಡೆಯ ಮೆಟ್ಟಿಲಿಗೇ ಜೋತುಬಿದ್ದು, ಎಡಚಕ್ರಗಳ ಕಮಾನು ಪಟ್ಟಿಗಳು ಸೋತಿದ್ದವು. ಚಕ್ರದ ಮೇಲೆ ಒಂದರ ಮೇಲೊಂದು ಕೂತು ಬಂಡಿಯ ಭಾರ ಹೊರುತ್ತವಲ್ಲ, ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳು, ಅವು. ಒಳಗೆ ಬಟಾಣಿ ಚೆಲ್ಲಿದರೆ ಎಲ್ಲಿ ಹುಡುಕಬೇಕೆಂಬ ಚಿಂತೆಯಿರಲಿಲ್ಲ, ಎಲ್ಲವೂ ಎಡಗೋಡೆಯ ಬುಡದಲ್ಲೇ ಸಿಗುತ್ತಿತ್ತು. ನಾವಿಬ್ಬರೂ ಬಲಗಡೆ ಮಲಗಿ ಎಡಗಡೆ ಏಳುತ್ತಿದ್ದೆವು. ಪಟ ಓರೆಯಾದರೇ ತಡೆಯಲಾರದ ನನಗೆ ಇಡೀ ಮನೆಯೇ ಓರೆಯಾದರೆ ಹೇಗಾಗಿರಬೇಡ!

ನಮ್ಮೂರಿನ ಕಮ್ಮಾರ ನಿಂಗಾಚಾರಿಯನ್ನು ಕರೆಸಿದೆ. ಗಾಡಿಚಕ್ರಕ್ಕೆ ಪಟ್ಟೆ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಮೋಟಾರನ್ನೂ ಅವನು ಎತ್ತು ಕಳೆದುಕೊಂಡ ಗಾಡಿಯೆಂದೇ ಭಾವಿಸಿದ್ದ. “ಇದೇನ್ ಬ್ರಹ್ಮವಿದ್ಯೆನಾ ಸಾ? ಗಾಡೀಲಿ ಒಂದೆತ್ತು ಬಡಕ್ಲಾದ್ರೆ ಅದುಕ್ಕೆ ಉಳ್ಳಿಕಾಳು ಜಾಸ್ತಿ ಇಕ್ಕಾಕಿಲ್ವಾ? ಅಂಗೇ ಎಡಗಡೀಕೆ ಇನ್ನೊಂದು ಪಟ್ಟಿ ಇಕ್ಕಾದು ಕಣ್ ಸಾ” ಎಂದು ಹಳೆಯ ಜಟಕಾದ ಪಟ್ಟಿಯೊಂದನ್ನು ತಂದು ಎಡಕ್ಕೆ ತುರುಕಿದ. ಬಸ್ಸು ಬಲಕ್ಕೆ ವಾಲಿತು. ಬಲಕ್ಕೊಂದು ತುರುಕಿದ. ಎಡಕ್ಕೆ ವಾಲಿತು. ಹೀಗೆ ಎಡ ಬಲ ಆಡುತ್ತಾ ಆಡುತ್ತಾ ಬಸ್ಸು ಒಂದು ಗೇಣು ಮೇಲಕ್ಕೆ ಹೋಯಿತೇ ಹೊರತು ನೆಟ್ಟಗಾಗಲಿಲ್ಲ. ಗೌರಿ ಹತ್ತಬೇಕಾದರೆ ಮಣೆ ಹಾಕಬೇಕಾಯಿತು. ಕೊನೆಗೆ ನಿಂಗಾಚಾರಿ ಬೆವರು ಒರೆಸಿಕೊಂಡು, “ಸಾಮಾನ್ ಏರಿ ನೋಡಿ ಸಾ, ಭಾರ ಬಿದ್ಮ್ಯಾಲೆ ತಂತಾನೇ ಕೂತ್ಕತದೆ” ಎಂದು ಕುಲುಮೆಗೆ ಹೊರಟುಹೋದ. ಆಗ ಅದು ಎಡಕ್ಕೆ ವಾಲಿತ್ತು.

ಅಪ್ಪನಿಗೆ ಬಸ್ಸೂ ಹಿಡಿಸಿರಲಿಲ್ಲ, ನಾವು ಬೇರೆ ಹೋಗುವುದೂ ಹಿಡಿಸಿರಲಿಲ್ಲ. ಆದರೆ ಕೂಗಾಡುವ ಮನುಷ್ಯನಲ್ಲ. ಗಜಕೋಲು ಹಿಡಿದು ಬಸ್ಸಿನ ಸುತ್ತ ಒಂದು ಸಲ ಬಂದು ಹೇಳಿದರು: “ನೋಡು ರುದ್ರ, ನಮ್ಮವ್ವನ್ನ ಇದ್ರಲ್ಲಿ ಕೂರಿಸ್ಕೊಂಡು ಚನ್ರಾಯಪಟ್ಣ, ಹೊಳೆನರಸೀಪುರ, ಅರಕಲಗೂಡು, ಮೂರೂ ಊರು ಸುತ್ಕೊಂಡು ಬಾ. ವಾಪಸ್ ಬಂದ್ಮೇಲೆ ಅವಳು ‘ಇದು ಮನೆ’ ಅಂದ್ರೆ ನೀವಿಬ್ರೂ ಇದ್ರಲ್ಲೇ ಇರಿ. ‘ಮನೆ ಅಲ್ಲ’ ಅಂದ್ರೆ ಬಸ್ಸು ಮಾರೋದು, ಗೌರಿ ಅಡುಗೆಮನೇಗೆ, ನೀನು ಅಂಗಡೀಗೆ.” ಗೌರಿ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವತ್ತಿನಿಂದ ಅವಳು ಅಜ್ಜಿಯ ಎಲೆಯಡಿಕೆ ಕುಟ್ಟುವ ಕೆಲಸವನ್ನು ಇನ್ನು ಯಾರಿಗೂ ಬಿಟ್ಟುಕೊಡಲಿಲ್ಲ.

ಅಜ್ಜಿಯ ವಿಷಯ ಹೇಳಲೇಬೇಕು. ಬಾಯಲ್ಲಿ ಒಂದು ಹಲ್ಲಿರಲಿಲ್ಲ, ಆದರೆ ದಿಕ್ಕುಗಳ ವಿಷಯದಲ್ಲಿ ಅವಳ ಮಾತಿಗೆ ಎದುರು ಮಾತಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರು ಮನೆ ಕಟ್ಟಿದರೂ ಅಜ್ಜಿ ಒಮ್ಮೆ ಒಳಹೊಕ್ಕು ಬರಬೇಕು. ಮನೆಯ ಭಾರವೆಲ್ಲ ನೈಋತ್ಯ ಮೂಲೆಯಲ್ಲಿರಬೇಕು ಎಂಬುದು ಅವಳ ಶಾಸ್ತ್ರ. “ನೈಋತ್ಯ ಬರಿದು ಮಾಡವ್ನೆ, ಈ ಮನೆ ನಿಲ್ಲಾಕಿಲ್ಲ” ಎಂದರೆ ಸಾಕು, ಮನೆಯವರು ಓಡಿಹೋಗಿ ಆ ಮೂಲೆಗೆ ರಾಗಿಮೂಟೆ ತಂದು ಒಟ್ಟುತ್ತಿದ್ದರು. ಇಂಥ ಅಜ್ಜಿಯ ಬಾಯಿಂದ ‘ಮನೆ’ ಎನ್ನಿಸಬೇಕಾಗಿತ್ತು.

ಹೊರಡುವ ದಿನ ಬೆಳಗ್ಗೆ ಅವಳು ಬಸ್ಸಿನೊಳಕ್ಕೆ ಇಣುಕಿ ಕೇಳಿದ ಮೊದಲ ಮಾತು, “ಒಳ್ಕಲ್ಲು ಎಲ್ಲಿ?” ಎಂಬುದು. ಬಸ್ಸಿನಲ್ಲಿ ಒರಳುಕಲ್ಲೇ ಎಂದೆ. “ಒಳ್ಕಲ್ಲಿಲ್ದಿದ್ಮ್ಯಾಲೆ ಅದೆಂತಾ ಮನೆಲಾ?” ಎಂದಳು. ಒರಳುಕಲ್ಲು ಬಂತು. ಅದರ ಹಿಂದೆ ಬೀಸುವ ಕಲ್ಲು, ರಾಗಿಮೂಟೆ, ಅಕ್ಕಿಮೂಟೆ, ಜವಳಿಯ ಟ್ರಂಕು, ನೀರು ತುಂಬಿದ ತಾಮ್ರದ ಹಂಡೆ. ನಾನು ಅದನ್ನೆಲ್ಲ ಜಾಣತನದಿಂದ ಬಸ್ಸಿನ ನಟ್ಟನಡುವೆ ಇಡಿಸಿದ್ದೆ. ಅಜ್ಜಿ ಕೆಳಗಿಳಿದು, ಬಸ್ಸಿನ ಹಾಗೆಯೇ ಹುಟ್ಟುವ ಸೂರ್ಯನಿಗೆ ಮುಖ ಮಾಡಿ ನಿಂತು ಬಲಗೈ ಚಾಚಿದಳು. “ಅದು ಮೂಡ್ಲು, ಇದು ತೆಂಕ್ಲು. ಅಂಗಾದ್ರೆ ನೈಋತ್ಯ ಬಲಗಡೆ ಇಂದಿನ ಚಕ್ರದ ಮ್ಯಾಲೆ ಬತ್ತದೆ. ಎಲ್ಲಾನೂ ಅಲ್ಲಿಗೆ ಒಟ್ಲಾ.” ಎದುರು ಮಾತಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಟ್ಟಿದೆ. ಒಟ್ಟಿದ ಕೂಡಲೇ ಏನಾಯಿತು ಗೊತ್ತೆ? ಎಡಕ್ಕೆ ವಾಲಿದ್ದ ಬಸ್ಸು ನೆಟ್ಟಗಾಯಿತು! ಕಮ್ಮಾರನ ಕೈಲಾಗದ್ದು ನಮ್ಮಜ್ಜಿಯ ಬಾಯಲ್ಲಿ ಆಯಿತು! ನಾನು ಬೀದಿಯಲ್ಲೇ ಅವಳ ಕಾಲಿಗೆ ಬಿದ್ದೆ.

ಹ್ಯಾಂಡಲು ತಿರುಗಿಸಿ ಎಂಜಿನ್ನು ಎಬ್ಬಿಸಿ ಹೊರಟಾಗಿನ ಆ ಸಂಭ್ರಮ ಈಗಲೂ ಮೈಯಲ್ಲಿದೆ. ಎದುರಿಗೆ ಕೆಂಪು ಸೂರ್ಯ, ಹಿಂದೆ ಕೆಂಪು ಧೂಳು, ಒಳಗೆ ಪಾತ್ರೆಗಳ ಮೇಳ. ಗೌರಿ ಕಿಟಕಿಯ ಹೊರಗೆ ತಲೆ ಹಾಕಿ ಮರಗಳನ್ನೆಲ್ಲ ಮಾತಾಡಿಸುತ್ತಿದ್ದಳು. ಶಾಂತಿಗ್ರಾಮ ಇನ್ನೂ ಬಂದಿರಲಿಲ್ಲ, ಬಲಗಡೆ ಹಿಂದಿನಿಂದ ‘ಕಟಕ್’ ಎಂದು ಸದ್ದಾಯಿತು. ಅಷ್ಟು ಭಾರವನ್ನು ತಾನೊಂದೇ ಹೊತ್ತ ಆ ಮೂಲೆಯ ಪಟ್ಟಿ ಸೊಂಟ ಬಿಟ್ಟಿತ್ತು. ಬಸ್ಸು ಬಲಕ್ಕೆ ಕುಸಿಯಿತು. ಇಳಿದು ನೋಡೋಣವೆಂದುಕೊಳ್ಳುವಷ್ಟರಲ್ಲಿ ರಸ್ತೆ ಒಂದಿಷ್ಟು ತಿರುಗಿತು. ಅಜ್ಜಿ ಕಿರುಚಿದಳು: “ನಿಲ್ಸ್ಲಾ ರುದ್ರಾ! ಸೂರ್ಯ ಪಕ್ಕಕ್ಕೋದ!”

ಮನೆ ಎತ್ತ ತಿರುಗಿದರೂ ನೈಋತ್ಯ ತಿರುಗುವುದಿಲ್ಲವಂತೆ. ಮನೆಗೆ ಚಕ್ರ ಹಚ್ಚಿದವನು ನಾನು, ತಪ್ಪು ದಿಕ್ಕಿನದಲ್ಲವಂತೆ. ಪ್ರತಿಯೊಂದು ತಿರುವಿಗೂ ಒರಳುಕಲ್ಲನ್ನು ಹೊಸ ನೈಋತ್ಯಕ್ಕೆ ಸಾಗಿಸಬೇಕೆಂದು ಅವಳ ಹಟ. ಹಾಗೆ ಮಾಡಿದರೆ ಚನ್ನರಾಯಪಟ್ಟಣ ಸೇರುವಷ್ಟರಲ್ಲಿ ನಾನು ಕೈಲಾಸ ಸೇರುತ್ತೇನೆ ಎಂದೆ. ರಸ್ತೆಯ ಪಕ್ಕದಲ್ಲಿ ಕೂತು ಅರ್ಧ ಬೆಳಗು ಪಂಚಾಯಿತಿ ನಡೆಯಿತು. ಕೊನೆಗೆ ಗೌರಿ, “ತಿರುವು ಲೆಕ್ಕಕ್ಕೆ ಬೇಡ ಅಜ್ಜಿ, ಊರಿಂದ ಊರಿಗೆ ಲೆಕ್ಕ ಇಟ್ಕೊಳನ” ಎಂದು ರಾಜಿ ಮಾಡಿಸಿದಳು. ರಾಜಿಯಲ್ಲಿ ಗೆದ್ದವರು ಅವರಿಬ್ಬರು. ಕಲ್ಲು ಹೊರಬೇಕಾದವನು ನಾನು.

ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ತೆಂಕಣ ದಾರಿ. ತೆಂಕಲಿಗೆ ಮುಖ ಮಾಡಿದ ಬಸ್ಸಿನಲ್ಲಿ ನೈಋತ್ಯ ಎಲ್ಲಿ ಬರುತ್ತದೆ? ಬಲಗಡೆ ಮುಂದಿನ ಚಕ್ರದ ಮೇಲೆ, ನನ್ನ ಬೆನ್ನಿಗೆ ಸರಿಯಾಗಿ. ತೆಂಗಿನಕಾಯಿ ಗಾಡಿಯವರಿಬ್ಬರು ಕಲ್ಲಿಗೆ ಕೈ ಹಚ್ಚಿದರು. ಅವರಲ್ಲೊಬ್ಬ, “ಇಂದಿದ್ದ ಕಲ್ಲ ಮುಂದುಕ್ಯಾಕೆ ಸಾ?” ಎಂದು ಕೇಳಿದ. “ಊರು ಬದಲಾಯ್ತಲ್ಲ” ಎಂದೆ. ಅವನು ಅರ್ಥವಾದವನಂತೆ ತಲೆಯಾಡಿಸಿದ. ರಾಗಿಮೂಟೆ ನನ್ನ ಕತ್ತಿಗೆ ಒರಗಿಕೊಂಡು ಹೊರಟಿತು. ಮುಂದಿನ ಬಲ ಕುಸಿದದ್ದೇ ತಡ, ಸ್ಟೀರಿಂಗು ನೆಟ್ಟಗೆ ಹಿಡಿದರೂ ಬಸ್ಸು ಬಲಕ್ಕೇ ಎಳೆಯತೊಡಗಿತು. ಎದುರು ಬಂದ ಗಾಡಿಯವರೆಲ್ಲ ನಾನು ಅವರನ್ನೇ ಹುಡುಕಿಕೊಂಡು ಬರುತ್ತಿದ್ದೇನೆಂದು ತಿಳಿದು ಹೊಲಕ್ಕೆ ಎತ್ತು ಇಳಿಸಿದರು.

ಹೊಳೆನರಸೀಪುರದಲ್ಲಿ ಹೊಳೆಯ ಸ್ನಾನ ಮಾಡಿ, ಹಂಡೆ ತುಂಬಿಕೊಂಡು ಅರಕಲಗೂಡಿನ ದಾರಿ ಹಿಡಿದೆವು. ಅದು ಪಡುವಣ ದಾರಿ. ನೈಋತ್ಯ ಮುಂದಿನ ಎಡಚಕ್ರಕ್ಕೆ ಬಂತು. ಈಗ ಬಸ್ಸಿನ ಪ್ರೀತಿಯೆಲ್ಲ ಎಡಗಡೆಯ ಹಳ್ಳದ ಮೇಲೆ. ಎದುರಿಗೆ ರಸ್ತೆ ತುಂಬ ಹುಲ್ಲು ಹೇರಿದ ಗಾಡಿಯೊಂದು ಬಂತು. ದಾರಿ ಬಿಡಲು ಒಂದು ಮೊಳ ಎಡಕ್ಕೆ ಸರಿದೆ. ಬಸ್ಸು ಇನ್ನೊಂದು ಮೊಳವನ್ನು ತಾನೇ ಸೇರಿಸಿತು. ಎಡಚಕ್ರ ಅಂಚಿನಿಂದ ಇಳಿಯಿತು, ಬಲಚಕ್ರ ನೆಲ ಬಿಡುವಂತಾಯಿತು, ಹಂಡೆಯ ನೀರು ಎಡಗೋಡೆಗೆ ಅಪ್ಪಳಿಸಿ ನನ್ನ ತಲೆಯ ಮೇಲೆ ಬಂತು. ಆಯಿತು, ಮನೆಯೂ ಹೋಯಿತು ಮನೆಯವರೂ ಹೋದರು ಎಂದುಕೊಂಡೆ. “ಬಲಗಡೆ, ಬಲಗಡೆ!” ಎಂದು ಕೂಗಿದೆ. ಗೌರಿ ಅಜ್ಜಿಯ ಸೊಂಟ ತಬ್ಬಿ ಬಲಗೋಡೆಗೆ ಧೊಪ್ಪೆಂದು ಬಿದ್ದಳು. ಆ ಧೊಪ್ಪಿಗೆ ಬಸ್ಸು ಬಲಕ್ಕೆ ಕೂತಿತು, ಚಕ್ರ ರಸ್ತೆಗೆ ಹತ್ತಿತು, ಹುಲ್ಲಿನ ಗಾಡಿ ನಮ್ಮ ಕಿಟಕಿಯ ಪರದೆಯೊಂದನ್ನು ಎಳೆದುಕೊಂಡು ದಾಟಿಹೋಯಿತು. ಹಿಂದೆ ತಿರುಗಿ ನೋಡಿದರೆ ಅಜ್ಜಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಾಳೆ! “ಇನ್ನೊಂದ್ ದಪ ಅಂಗೇ ಮಾಡ್ಲಾ!” ಎಂದಳು.

ಅರಕಲಗೂಡಿನ ಹೊರಗೆ ಒಂದು ಹುಣಸೆಮರದ ಕೆಳಗೆ ತಂಗಿದೆವು. ಬಸ್ಸಿನೊಳಗೆ ಪೆಟ್ರೋಲಿನ ಭಯ, ಬೆಂಕಿ ಹಚ್ಚುವಂತಿರಲಿಲ್ಲ. ಮರದಡಿ ಮೂರು ಕಲ್ಲು ಹೂಡಿ ಗೌರಿ ಹುರುಳಿಸಾರು ಮಾಡಿದಳು. ಉಪ್ಪಿನ ಮರಿಗೆಯನ್ನು ಹಿಡಿದುಕೊಂಡು ಅಭ್ಯಾಸಬಲದಿಂದ ಅಜ್ಜಿಯ ಮುಖ ನೋಡಿದಳು. “ನನ್ನೇನ್ ನೋಡಿಯೇ? ನಿನ್ ಕೈ ಏನ್ ಏಳ್ತದೋ ಅಷ್ಟಾಕು” ಎಂದಳು ಅಜ್ಜಿ. ಗೌರಿಯ ಕೈ ಸ್ವಲ್ಪ ಹೆಚ್ಚಾಗಿಯೇ ಹೇಳಿತು. ಮೂವರೂ ಸುರ್ ಸುರ್ ಎಂದು ಉಂಡೆವು. ಉಂಡ ಮೇಲೆ ಅಜ್ಜಿ ತಾನೇ ಮಾತೆತ್ತಿದಳು: “ನಮ್ಮತ್ತೆ ಕಣ್ಮುಚ್ಚಾಗಂಟ ನಂಗೂ ಒಲೆ ಬಿಟ್ಕೊಡ್ನಿಲ್ಲ ಕಣವ್ವ. ಒಲೆ ಕೈಗೆ ಬರಾ ಒತ್ಗೆ ಬಾಯ್ನಾಗೆ ಹಲ್ಲಿರ್ನಿಲ್ಲ.” ಇದನ್ನೂ ನಗುತ್ತಲೇ ಹೇಳಿದಳು. ನಮ್ಮ ಮನೆಯ ಹೆಂಗಸರು ಇಂಥದನ್ನೆಲ್ಲ ನಗುತ್ತಲೇ ಹೇಳುತ್ತಾರೆ, ಕೇಳುವವನಿಗೆ ಮಾತ್ರ ತುತ್ತು ಇಳಿಯುವುದಿಲ್ಲ.

ಅರಕಲಗೂಡಿನಿಂದ ಹಾಸನಕ್ಕೆ ಬಡಗಲ ದಾರಿ. ನೈಋತ್ಯ ಹಿಂದಿನ ಎಡಚಕ್ರಕ್ಕೆ ಹೋಯಿತು. ನಿಂಗಾಚಾರಿ ಅಲ್ಲಿ ತುರುಕಿದ್ದ ಜಟಕಾದ ಪಟ್ಟಿ ಅರ್ಧ ದಾರಿಯಲ್ಲೇ ‘ಫಟ್’ ಎಂದು ಮುರಿಯಿತು. ನಾನು ನಿಲ್ಲಿಸಿ ನೋಡಲೂ ಇಲ್ಲ. ಹಾಸನ ಹತ್ತಿರವಾದಂತೆ ನನಗೆ ಒಂದೇ ಚಿಂತೆ. ಇಷ್ಟು ಕುಲುಕಿಸಿ, ನೀರು ಚೆಲ್ಲಿಸಿ, ಹಳ್ಳಕ್ಕೆ ಇಳಿಸಿ ತಂದ ಅಜ್ಜಿ ಇದನ್ನು ಮನೆ ಎಂದಾಳೆಯೆ? ಗೌರಿ ಅಜ್ಜಿಗೆ ಮತ್ತೊಂದು ಸಲ ಎಲೆಯಡಿಕೆ ಕುಟ್ಟಿಕೊಟ್ಟಳು.

ನಮ್ಮ ಮನೆಯ ಮುಂದೆ ಮನೆಮಂದಿಯೆಲ್ಲ ಸೇರಿದ್ದರು, ನಿಂಗಾಚಾರಿಯೂ ಬಂದಿದ್ದ. ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಿ ಕೆಳಗೆ ಹಾರಿ, ಎಷ್ಟು ವಾಲಿದೆಯೋ ಎಂದು ಹೆದರುತ್ತಲೇ ತಿರುಗಿ ನೋಡಿದೆ. ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದೆ. ಬಸ್ಸು ನೆಟ್ಟಗಿತ್ತು! ಮುಂದಿನಿಂದ ನೆಟ್ಟಗೆ, ಹಿಂದಿನಿಂದ ನೆಟ್ಟಗೆ, ಮಲಗಿ ನೋಡಿದರೂ ನೆಟ್ಟಗೆ! ನಾಲ್ಕು ದಿಕ್ಕಿನ ದಾರಿ ಸುತ್ತುವಾಗ ನೈಋತ್ಯದ ಭಾರ ನಾಲ್ಕು ಚಕ್ರಗಳ ಮೇಲೂ ಒಂದೊಂದು ಸರದಿ ಕೂತು ಎದ್ದಿತ್ತು. ನಾಲ್ಕರ ಪಟ್ಟಿಗಳೂ ಒಂದೇ ಸಮನಾಗಿ ಹಾಳಾಗಿದ್ದವು. ಮೈ ಇಳಿದು ಟೈರಿಗೆ ತಾಗುವಂತಿತ್ತು, ಆದರೆ ಗೌರಿಗೆ ಇಳಿಯಲು ಮಣೆ ಬೇಕಾಗಲಿಲ್ಲ. “ನಾನ್ ಏಳ್ನಿಲ್ವಾ ಸಾ, ತಂತಾನೇ ಕೂತ್ಕತದೆ ಅಂತ!” ಎಂದು ನಿಂಗಾಚಾರಿ ಎಲ್ಲರಿಗೂ ಕೇಳುವಂತೆ ಕೂಗಿದ.

“ಏನವ್ವಾ, ಮನೆನಾ ಅಲ್ವಾ?” ಅಪ್ಪ ಕೇಳಿದರು. ಅಜ್ಜಿ ಆತುರ ಪಡಲಿಲ್ಲ. ಇನ್ನೊಂದು ಸಲ ಒಳಗೆ ಹತ್ತಿ ಮೂಲೆ ಮೂಲೆ ನೋಡಿ ಬಂದಳು. ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು.

“ಮನೆ ಕಣ್ಲಾ” ಎಂದಳು.

ಗೌರಿ ಮಾವನವರ ಎದುರಿಗೇ ನನ್ನ ಕೈ ಹಿಡಿದುಬಿಟ್ಟಳು. ನಾನು ಕುಣಿದೆನೆಂದು ಅತ್ತಿಗೆಯರು ಈಗಲೂ ಹೇಳುತ್ತಾರೆ, ಕುಣಿದಿರಬೇಕು. ಆದರೆ ಅಜ್ಜಿಯ ಮಾತು ಮುಗಿದಿರಲಿಲ್ಲ. “ಮನೆ ಅಂದ್ಮ್ಯಾಲೆ ಅದು ಊರೂರು ತಿರುಗಬಾರ್ದು. ಎಲ್ಲಾದ್ರೂ ಮನೆ ಓಡಾಡಾದು ಕಂಡಿದೀರಾ? ಇವ್ನು ಓಡಾಡ್ತಾ ಇದ್ರೆ ಆ ಎಣ್ಮಗ ಒಲೆ ಎಲ್ಲಿ ಊಡ್ತದೆ? ಇದ್ನ ಮೂಡ್ಲುಮಕ ಮಾಡಿ ನಿಲ್ಸಿ, ನಾಕೂ ಮೂಲೇಗೆ ಕಲ್ಲು ಕೊಡಿ. ಪೆಟ್ರೋಲೆಲ್ಲಾ ಬಸಿದು ಆಚೆಗೆ ಚೆಲ್ಲಿ. ಬೆಂಕಿ ಆಗ್ನೇಯಕ್ಕಿರ್ಲಿ.”

ಮೂಡಲಿಗೆ ಮುಖ ಮಾಡಿದ ಬಸ್ಸಿನಲ್ಲಿ ಆಗ್ನೇಯ ಎಲ್ಲಿ ಬರುತ್ತದೆಂದು ಇಷ್ಟು ಹೊತ್ತಿಗೆ ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದೆ, ಬಲಗಡೆ. ನನ್ನ ಸೀಟು! ಸ್ಟೀರಿಂಗು ಇದ್ದ ಜಾಗ! ಹೆಂಡತಿಯಾದರೂ ನನ್ನ ಪರ ಒಂದು ಮಾತಾಡಿಯಾಳೆಂದು ಗೌರಿಯನ್ನು ಹುಡುಕಿದೆ. ಅವಳು ಆಗಲೇ ಒಳಗೆ ಹತ್ತಿ, ನನ್ನ ಸೀಟಿನ ಅಗಲವನ್ನು ಗೇಣು ಹಾಕಿ ಅಳೆಯುತ್ತಿದ್ದಳು.

ನಿಂಗಾಚಾರಿ ಸ್ಟೀರಿಂಗು ಬಿಚ್ಚುವಾಗ ನಾನು ಅಲ್ಲಿ ನಿಲ್ಲಲಿಲ್ಲ. ದುಃಖವಾಯಿತು, ಸುಳ್ಳೇಕೆ ಹೇಳಲಿ, ಸಿಟ್ಟೂ ಬಂತು. ಸಂತೆಗೆ ದೊಡ್ಡಣ್ಣನ ಮಗ ಹೋಗುವುದೆಂದು ಆಯಿತು, ನಾನು ಅಂಗಡಿಯಲ್ಲಿ ಗಜಕೋಲು ಹಿಡಿದು ಕೂತೆ. ಅಜ್ಜಿಗೆ ಅವಳ ಮೂಲೆ ಸಿಕ್ಕಿತು, ಅಪ್ಪನಿಗೆ ಮಗ ಸಿಕ್ಕಿದ, ಗೌರಿಗೆ ಒಲೆ ಸಿಕ್ಕಿತು. ನನಗೆ? ಹೇಳುತ್ತೇನೆ. ಕಿಟಕಿಯ ಚೌಕಟ್ಟಿಗೆ ತುಕ್ಕು ಹಿಡಿದು ಕಚ್ಚಿಕೊಂಡಿದ್ದ ರಬ್ಬರಿನ ಹಾರನ್ನೊಂದು ಯಾರು ಎಳೆದರೂ ಕಿತ್ತು ಬಂದಿರಲಿಲ್ಲ, ಅದು ಅವಳ ಒಲೆಯ ಪಕ್ಕದಲ್ಲೇ ಉಳಿದಿತ್ತು. ಮಧ್ಯಾಹ್ನ ಸಾರು ಕುದಿದು ಇಳಿಯುವ ಹೊತ್ತಿಗೆ ಗೌರಿ ಅದನ್ನು ಒತ್ತುತ್ತಿದ್ದಳು, ‘ಪೊಂ ಪೊಂ’ ಎಂದು. ಬೀದಿಯಲ್ಲಿ ಹೋಗುವ ಹೊಸಬರು ಬೆಚ್ಚಿ ಪಕ್ಕಕ್ಕೆ ಸರಿಯುತ್ತಿದ್ದರು. ಅಂಗಡಿಯಲ್ಲಿ ಕೂತ ಹಳೆಯ ಗಿರಾಕಿಗಳು, “ಏಳಿ ಸಾವ್ಕಾರ್ರೆ, ನಿಮ್ ಬಸ್ಸು ಒಂಟೋದಾತು” ಎಂದು ನಗುತ್ತಿದ್ದರು. ಅಳೆಯುತ್ತಿದ್ದ ಬಟ್ಟೆಯನ್ನು ಅಲ್ಲಿಯೇ ಬಿಟ್ಟು ನಾನು ಏಳುತ್ತಿದ್ದೆ. ಅದು ಎಲ್ಲಿಗೂ ಹೊರಡುವ ಬಸ್ಸಲ್ಲವೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನೇ. ಆದರೂ ಒಂದು ದಿನವೂ ನಡೆದು ಹೋಗಲಿಲ್ಲ, ಓಡಿಯೇ ಹೋಗಿ ಹತ್ತಿದೆ.